ಕೀಟನಾಶಕ ವಿಷಪ್ರಾಶನದಲ್ಲಿ ಎಬಿಜಿ ವರದಿಯನ್ನು ಓದುವ ಬಗೆ

ಕೀಟನಾಶಕ ದೇಹ ಸೇರಿದ ರೋಗಿಯೊಬ್ಬರು ತುರ್ತು ಚಿಕಿತ್ಸಾ ಘಟಕಕ್ಕೆ ಬಂದಾಗ, ಮೊದಲ ಅರ್ಧ ಗಂಟೆಯೊಳಗೆ ವೈದ್ಯರ ಕೈಗೆ ಸಿಗುವ ಅಂಕಿಗಳಲ್ಲಿ ಅತಿ ಹೆಚ್ಚು ವಿಷಯವನ್ನು ಹೇಳುವುದು ಅಪಧಮನಿಯ ರಕ್ತದ ಅನಿಲ ಪರೀಕ್ಷೆ, ವಾರ್ಡಿನ ಮಾತಿನಲ್ಲಿ ಎಬಿಜಿ. ಈ ವಿಷಗಳಲ್ಲಿ ಹಲವು ತಡೆಯುವ ಕೋಲಿನೆಸ್ಟರೇಸ್ ಎಂಬ ಕಿಣ್ವದ ಮಟ್ಟದ ವರದಿಗೆ ಗಂಟೆಗಟ್ಟಲೆ ಕಾಯಬೇಕು, ಕೆಲವು ಕಡೆ ದಿನವೇ ಹಿಡಿಯುತ್ತದೆ. ಒಳಹೋದ ವಿಷ ಯಾವುದು, ಎಷ್ಟು, ಯಾವಾಗ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ ಖಚಿತ ಉತ್ತರ ಸಿಕ್ಕರೆ ಅದೇ ದೊಡ್ಡದು. ಎಬಿಜಿ ಯಂತ್ರವಾದರೋ ಕೆಲವೇ ನಿಮಿಷಗಳಲ್ಲಿ ಒಂದು ಚೀಟಿಯನ್ನು ಮುದ್ರಿಸಿ ಕೊಡುತ್ತದೆ. ಆದ್ದರಿಂದಲೇ ‘ಈ ರೋಗಿ ಉಳಿಯುತ್ತಾರೆಯೇ’ ಎಂಬುದಕ್ಕೆ ಆ ಚೀಟಿಯಲ್ಲೇ ಉತ್ತರ ಹುಡುಕುವ ಅಧ್ಯಯನಗಳು ವರ್ಷ ವರ್ಷವೂ ಬರುತ್ತಿವೆ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಗೆ ಎಬಿಜಿ ಕೊಡುವ ಉತ್ತರ ಅಷ್ಟೇನೂ ಗಟ್ಟಿಯಾದುದಲ್ಲ. ಆದರೆ ಈ ರೋಗಿ ಯಾವ ದಾರಿಯಲ್ಲಿ ಹದಗೆಡುತ್ತಿದ್ದಾರೆ, ಮುಂದಿನ ಕೆಲವು ಗಂಟೆಗಳಲ್ಲಿ ಮೊದಲು ಕೈಕೊಡುವುದು ಉಸಿರಾಟವೋ ರಕ್ತಪರಿಚಲನೆಯೋ ಎಂದು ಕೇಳಿದರೆ, ಹಾಸಿಗೆಯ ಪಕ್ಕದಲ್ಲಿ ಅದರಷ್ಟು ಸ್ಪಷ್ಟವಾಗಿ ಉತ್ತರಿಸುವ ಪರೀಕ್ಷೆ ಮತ್ತೊಂದಿಲ್ಲ. ಈ ಬರಹ ಆ ಎರಡು ಪ್ರಶ್ನೆಗಳ ನಡುವಿನ ಅಂತರದ ಕುರಿತಾದದ್ದು.

ಚೀಟಿಯಲ್ಲಿ ಇರುವುದಿಷ್ಟು. ರಕ್ತದ ಆಮ್ಲೀಯತೆಯನ್ನು ಸೂಚಿಸುವ ಪಿಎಚ್, ಸಹಜವಾಗಿ 7.35ರಿಂದ 7.45. ಇಂಗಾಲದ ಡೈಆಕ್ಸೈಡಿನ ಒತ್ತಡ, 35ರಿಂದ 45 ಮಿಲಿಮೀಟರ್ ಪಾದರಸ. ಆಮ್ಲಜನಕದ ಒತ್ತಡ, ಸಾಮಾನ್ಯ ಗಾಳಿಯನ್ನು ಉಸಿರಾಡುವ ಆರೋಗ್ಯವಂತ ವಯಸ್ಕರಲ್ಲಿ 80ರಿಂದ 100. ರಕ್ತದಲ್ಲಿ ಆಮ್ಲವನ್ನು ತಟಸ್ಥಗೊಳಿಸುವ ಬೈಕಾರ್ಬೊನೇಟ್, ಲೀಟರಿಗೆ 22ರಿಂದ 26 ಮಿಲಿಮೋಲ್. ಇವುಗಳ ಜೊತೆಗೆ ಬೇಸ್ ಎಕ್ಸೆಸ್, ಅಂದರೆ ರಕ್ತದಲ್ಲಿ ಪ್ರತ್ಯಾಮ್ಲ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಲೆಕ್ಕ. ಈಚಿನ ಯಂತ್ರಗಳಲ್ಲಿ ಲ್ಯಾಕ್ಟೇಟ್, ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಕೂಡ. ಇಂಗಾಲದ ಡೈಆಕ್ಸೈಡ್ ಶ್ವಾಸಕೋಶದ ಕೆಲಸವನ್ನು ಹೇಳುತ್ತದೆ, ಬೈಕಾರ್ಬೊನೇಟ್ ಉಳಿದ ದೇಹದ ಕಥೆಯನ್ನು ಹೇಳುತ್ತದೆ, ಪಿಎಚ್ ಇವೆರಡರ ಜಗಳದ ಫಲಿತಾಂಶ.

ಇವುಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಏನಾಗುತ್ತದೆ ಎಂಬುದಕ್ಕೆ ಈ ಪರೀಕ್ಷೆಯ ಹುಟ್ಟಿನಲ್ಲೇ ಒಂದು ಪಾಠವಿದೆ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಭೀಕರ ಪೋಲಿಯೋ ಪಿಡುಗು ಹರಡಿತ್ತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳು ಸೋತ ರೋಗಿಗಳ ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚಿರುವುದನ್ನು ಕಂಡ ವೈದ್ಯರು ಅದನ್ನು ಕ್ಷಾರೀಯತೆಯೆಂದೇ ಭಾವಿಸಿದ್ದರು. ಅರಿವಳಿಕೆ ತಜ್ಞ ಬಿಯೋರ್ನ್ ಇಬ್ಸೆನ್ ಬೇರೆಯದೇ ಮಾತು ಹೇಳಿದರು: ರೋಗಿಗಳು ಇಂಗಾಲದ ಡೈಆಕ್ಸೈಡನ್ನು ಹೊರಹಾಕಲಾಗದೆ ಅದರಲ್ಲೇ ಮುಳುಗುತ್ತಿದ್ದಾರೆ, ಏರಿರುವ ಬೈಕಾರ್ಬೊನೇಟ್ ಅದರ ನೆರಳು ಮಾತ್ರ. ಪಿಎಚ್ ಅಳೆದಾಗ ಅವರ ಮಾತು ನಿಜವಾಯಿತು. ಕುತ್ತಿಗೆಯಲ್ಲಿ ಕೊಳವೆ ಇಟ್ಟು, ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೈಯಿಂದಲೇ ಚೀಲ ಒತ್ತಿ ಉಸಿರು ಕೊಟ್ಟರು; ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದ ಪೌಲ್ ಆಸ್ಟ್ರಪ್ ರಕ್ತದ ಆಮ್ಲ-ಪ್ರತ್ಯಾಮ್ಲ ಅಳತೆಯ ವಿಧಾನವನ್ನು ಮುಂದುವರಿಸಿದರು. ಅತ್ತ ಅಮೆರಿಕದಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಆಮ್ಲಜನಕದ ವಿದ್ಯುದ್ವಾರವನ್ನು ರೂಪಿಸಿದರು. ರಿಚರ್ಡ್ ಸ್ಟೋ ಆರಂಭಿಸಿದ ಇಂಗಾಲದ ಡೈಆಕ್ಸೈಡ್ ವಿದ್ಯುದ್ವಾರವನ್ನು ಜಾನ್ ಸೆವರಿಂಗ್‌ಹೌಸ್ ಬಳಕೆಗೆ ಯೋಗ್ಯವಾಗುವಂತೆ ತಿದ್ದಿ, 1950ರ ದಶಕದ ಕೊನೆಗೆ ಪಿಎಚ್, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಈ ಮೂರರ ಅಳತೆಯನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದರು. ಉಸಿರಾಟದ ಸ್ನಾಯುಗಳು ಸೋಲುವುದನ್ನು ಗುರುತಿಸುವ ಅಗತ್ಯದಿಂದಲೇ ಹುಟ್ಟಿದ ಈ ಪರೀಕ್ಷೆ, ಅದೇ ಸ್ನಾಯುಗಳನ್ನು ಸೋಲಿಸುವ ವಿಷಗಳಿಗೆ ಒದಗಿಬಂದದ್ದು ಸಹಜವೇ ಆಗಿದೆ.

ಕೀಟನಾಶಕಗಳಲ್ಲಿ ಈ ದೃಷ್ಟಿಯಿಂದ ಹೆಚ್ಚು ಅಧ್ಯಯನವಾಗಿರುವುದು ಆರ್ಗನೋಫಾಸ್ಫರಸ್ ಸಂಯುಕ್ತಗಳ ವಿಷಬಾಧೆ. ಇವು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಪರಿಣಾಮವಾಗಿ ನರಗಳ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕ ಒಡೆಯದೆ ಉಳಿದು, ಮೂರು ಕಡೆಯಿಂದ ಏಕಕಾಲಕ್ಕೆ ಉಸಿರಾಟದ ಮೇಲೆ ದಾಳಿ ನಡೆಯುತ್ತದೆ. ಮೆದುಳಿನ ಉಸಿರಾಟ ಕೇಂದ್ರ ಮಂಕಾಗುತ್ತದೆ. ಶ್ವಾಸನಾಳಗಳು ಸಂಕುಚಿತಗೊಂಡು ಸ್ರಾವದಿಂದ ತುಂಬಿಕೊಳ್ಳುತ್ತವೆ. ವಪೆ ಮತ್ತು ಪಕ್ಕೆಲುಬಿನ ನಡುವಿನ ಸ್ನಾಯುಗಳು ಮೊದಲು ಅದುರಿ, ಆಮೇಲೆ ನಿಸ್ತೇಜವಾಗುತ್ತವೆ. ಇದಲ್ಲದೆ ನಾಡಿ ನಿಧಾನವಾಗಬಹುದು, ರಕ್ತದೊತ್ತಡ ಕುಸಿಯಬಹುದು, ಸೆಳೆತ ಬರಬಹುದು, ವಾಂತಿಯ ದ್ರವ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿಯಲ್ಲಿ ಕೀಟನಾಶಕದ ಜೊತೆಗಿರುವ ಸಾವಯವ ದ್ರಾವಕಗಳೂ ತಮ್ಮ ಪಾಲಿನ ಹಾನಿ ಮಾಡುತ್ತವೆ. ಎಬಿಜಿಯ ನಿಜವಾದ ಉಪಯೋಗ ಇರುವುದು ಇವುಗಳಲ್ಲಿ ಯಾವುದು ಮೇಲುಗೈ ಸಾಧಿಸಿದೆ ಎಂಬುದನ್ನು ಬಿಡಿಸಿ ತೋರಿಸುವುದರಲ್ಲಿ.

ಆಮ್ಲಜನಕದಿಂದಲೇ ಆರಂಭಿಸೋಣ. ಸಮುದ್ರಮಟ್ಟದಲ್ಲಿ ಸಾಮಾನ್ಯ ಗಾಳಿಯನ್ನು ಉಸಿರಾಡುತ್ತಿರುವ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವರ ಆಮ್ಲಜನಕದ ಒತ್ತಡ 60, ಇಂಗಾಲದ ಡೈಆಕ್ಸೈಡ್ ಕೂಡ 60. ಗಾಳಿಗೂಡುಗಳಲ್ಲಿ ಇರಬೇಕಾದ ಆಮ್ಲಜನಕದ ಒತ್ತಡವನ್ನು ಲೆಕ್ಕ ಹಾಕಲು 150ರಿಂದ ಇಂಗಾಲದ ಡೈಆಕ್ಸೈಡನ್ನು 0.8ರಿಂದ ಭಾಗಿಸಿ ಕಳೆದರೆ 75 ಬರುತ್ತದೆ. ಗೂಡಿಗೂ ರಕ್ತಕ್ಕೂ ಇರುವ ವ್ಯತ್ಯಾಸ 15 ಮಾತ್ರ. ಅಂದರೆ ಶ್ವಾಸಕೋಶದ ಅಂಗಾಂಶ ಬಹುಮಟ್ಟಿಗೆ ಚೆನ್ನಾಗಿದೆ, ಗಾಳಿ ಒಳಹೊರಗೆ ಆಡುತ್ತಿಲ್ಲ. ತೊಂದರೆ ಇರುವುದು ಮೆದುಳಿನಲ್ಲಿ ಅಥವಾ ಸ್ನಾಯುವಿನಲ್ಲಿ. ಎರಡನೆಯವರಲ್ಲಿ ಆಮ್ಲಜನಕ 50, ಇಂಗಾಲದ ಡೈಆಕ್ಸೈಡ್ 30. ಅದೇ ಲೆಕ್ಕದಲ್ಲಿ ವ್ಯತ್ಯಾಸ 60ನ್ನು ದಾಟುತ್ತದೆ. ಇವರು ಉಸಿರನ್ನು ಜೋರಾಗಿಯೇ ಎಳೆಯುತ್ತಿದ್ದಾರೆ, ಆದರೆ ಗೂಡುಗಳು ಸ್ರಾವದಿಂದಲೋ ಒಳಗಿಳಿದ ವಾಂತಿಯಿಂದಲೋ ತುಂಬಿವೆ. ಇಬ್ಬರಿಗೂ ಆಮ್ಲಜನಕದ ಕೊರತೆಯಿದೆ, ಇಬ್ಬರಿಗೂ ಸ್ರಾವವನ್ನು ಒಣಗಿಸುವ ಮದ್ದಾದ ಅಟ್ರೋಪಿನ್ ಬೇಕಾಗಬಹುದು. ಎರಡನೆಯವರಲ್ಲಿ ಸ್ರಾವವೇ ಕಾರಣವಾಗಿದ್ದರೆ ಸಾಕಷ್ಟು ಅಟ್ರೋಪಿನ್ ಕೊಟ್ಟು ಎದೆ ಒಣಗಿದ ಮೇಲೆ ಅಂಕಿಗಳು ಬೇಗನೆ ಸುಧಾರಿಸುತ್ತವೆ. ಮೊದಲನೆಯವರ ಸ್ನಾಯುಗಳನ್ನು ಅಟ್ರೋಪಿನ್ ಮುಟ್ಟುವುದೇ ಇಲ್ಲ, ಅವರಿಗೆ ವೆಂಟಿಲೇಟರ್ ಬೇಕು. ಒಂದೇ ಚೀಟಿಯ ಎರಡು ಅಂಕಿಗಳನ್ನು ಜೋಡಿಸಿ ಓದಿದ್ದರಿಂದ ಮಾತ್ರ ಸಿಕ್ಕ ಭೇದವಿದು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈ ಭೇದವನ್ನು ತೋರಿಸುವುದಿಲ್ಲ. ಅಷ್ಟೇ ಅಲ್ಲ, ಮಾಸ್ಕಿನಿಂದ ಆಮ್ಲಜನಕ ಹರಿಯುತ್ತಿರುವ ರೋಗಿಯಲ್ಲಿ ಅದು ಸುಳ್ಳು ಧೈರ್ಯವನ್ನೂ ಕೊಡುತ್ತದೆ. ಹೊರಗಿನಿಂದ ಹೆಚ್ಚುವರಿ ಆಮ್ಲಜನಕ ಸಿಗುತ್ತಿರುವಾಗ ಉಸಿರಾಟ ಅರ್ಧಕ್ಕಿಳಿದರೂ ಸ್ಯಾಚುರೇಷನ್, ಅಂದರೆ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕ ಹೊತ್ತ ಶೇಕಡಾ ಪಾಲು, 97, 98 ಎಂದೇ ತೋರಿಸುತ್ತಿರಬಹುದು, ಆದರೆ ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗಿ ರೋಗಿ ನಿದ್ದೆಗೆ ಜಾರುತ್ತಿರುತ್ತಾರೆ. ‘ಸ್ಯಾಚುರೇಷನ್ ಚೆನ್ನಾಗಿದೆ, ಮಲಗಿದ್ದಾರೆ’ ಎಂಬ ಮಾತನ್ನು ವಿಷಪ್ರಾಶನದ ರೋಗಿಯ ವಿಷಯದಲ್ಲಿ ಕೇಳಿದಾಗ ಮರುಕ್ಷಣವೇ ಎಬಿಜಿಗೆ ರಕ್ತ ತೆಗೆಯಬೇಕು ಎಂಬುದು ನನ್ನ ಮಟ್ಟಿಗೆ ಚರ್ಚೆಗೆ ಅವಕಾಶವಿಲ್ಲದ ನಿಯಮ.

ಈಗ ಆಮ್ಲೀಯತೆಯ ವಿಚಾರಕ್ಕೆ ಬರೋಣ. ಮುನ್ಸೂಚನೆಯ ಚರ್ಚೆಯೆಲ್ಲ ನಿಂತಿರುವುದು ಇದರ ಮೇಲೆ. ರಕ್ತ ಆಮ್ಲೀಯವಾಗಲು ಎರಡು ದಾರಿಗಳಿವೆ. ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿದರೆ ಅದು ಉಸಿರಾಟದ ಆಮ್ಲೀಯತೆ. ಅಂಗಾಂಶಗಳಿಗೆ ರಕ್ತ ಅಥವಾ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲದಂಥವು ಕೂಡಿಕೊಂಡು ಬೈಕಾರ್ಬೊನೇಟ್ ಖರ್ಚಾದರೆ ಅದು ಚಯಾಪಚಯದ ಆಮ್ಲೀಯತೆ. ತೈವಾನಿನಿಂದ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಆರ್ಗನೋಫಾಸ್ಫರಸ್ ವಿಷಪ್ರಾಶನದ ರೋಗಿಗಳನ್ನು ಮೊದಲ ಎಬಿಜಿಯ ಆಧಾರದಲ್ಲಿ ನಾಲ್ಕು ಗುಂಪುಗಳಾಗಿ ವಿಂಗಡಿಸಿತು: ಆಮ್ಲೀಯತೆ ಇಲ್ಲದವರು, ಚಯಾಪಚಯದ ಆಮ್ಲೀಯತೆಯವರು, ಉಸಿರಾಟದ ಆಮ್ಲೀಯತೆಯವರು ಮತ್ತು ಎರಡೂ ಕೂಡಿದ ಮಿಶ್ರ ಆಮ್ಲೀಯತೆಯವರು. ಸಾವಿನ ಪ್ರಮಾಣ ಇದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ನನಗೆ ಅದಕ್ಕಿಂತ ಮಹತ್ವದ್ದಾಗಿ ಕಂಡದ್ದು ಸಾವಿನ ಕಾರಣಗಳ ಭೇದ: ಚಯಾಪಚಯದ ಗುಂಪಿನವರು ಮುಖ್ಯವಾಗಿ ಹೃದಯ ಮತ್ತು ರಕ್ತಪರಿಚಲನೆಯ ವೈಫಲ್ಯದಿಂದ, ಉಸಿರಾಟದ ಗುಂಪಿನವರು ಮುಖ್ಯವಾಗಿ ಉಸಿರಾಟದ ವೈಫಲ್ಯದಿಂದ ತೀರಿಕೊಂಡಿದ್ದರು. ಎಬಿಜಿ ಹೇಳುವುದು ಎಷ್ಟು ಜನ ಉಳಿಯುವುದಿಲ್ಲ ಎಂಬುದನ್ನಷ್ಟೇ ಅಲ್ಲ, ಯಾವ ದಾರಿಯನ್ನು ಕಾಯಬೇಕು ಎಂಬುದನ್ನೂ ಹೇಳುತ್ತದೆ ಎಂಬ ನನ್ನ ನಂಬಿಕೆಗೆ ಇದೇ ಆಧಾರ.

ಮಿಶ್ರ ಆಮ್ಲೀಯತೆಯನ್ನು ಗುರುತಿಸುವುದು ಕಾಣುವಷ್ಟು ಸುಲಭವಲ್ಲ, ಮತ್ತು ಅದು ತಪ್ಪಿಹೋಗುವುದು ಹೆಚ್ಚಾಗಿ ‘ಸಹಜ’ ಎಂದು ಮುದ್ರಿತವಾದ ಒಂದು ಅಂಕಿಯ ದೆಸೆಯಿಂದ. ಒಬ್ಬ ರೋಗಿಯ ಬೈಕಾರ್ಬೊನೇಟ್ 12, ಇಂಗಾಲದ ಡೈಆಕ್ಸೈಡ್ 40 ಎಂದಿಟ್ಟುಕೊಳ್ಳಿ. ಯಂತ್ರವು 40ರ ಮುಂದೆ ಯಾವ ಎಚ್ಚರಿಕೆಯ ಗುರುತನ್ನೂ ಹಾಕುವುದಿಲ್ಲ. ಆದರೆ ಬೈಕಾರ್ಬೊನೇಟ್ ಇಷ್ಟು ಕೆಳಗಿಳಿದಾಗ ಆರೋಗ್ಯವಂತ ಉಸಿರಾಟ ವ್ಯವಸ್ಥೆ ಸುಮ್ಮನಿರುವುದಿಲ್ಲ. ಅದು ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಇಳಿಸಿ ಸರಿದೂಗಿಸುತ್ತದೆ. ವಿಂಟರ್ಸ್ ಸೂತ್ರದ ಪ್ರಕಾರ ಬೈಕಾರ್ಬೊನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದರೆ ನಿರೀಕ್ಷಿತ ಇಂಗಾಲದ ಡೈಆಕ್ಸೈಡ್ ಸಿಗುತ್ತದೆ, ಎರಡು ಅಂಕ ಅತ್ತಿತ್ತ. ಇಲ್ಲಿ ಅದು 26. ಹಾಗಿದ್ದರೆ ಪಿಎಚ್ ಸುಮಾರು 7.29ರಲ್ಲಿ ನಿಲ್ಲುತ್ತಿತ್ತು. 40 ಇರುವುದರಿಂದ ಪಿಎಚ್ 7.10ಕ್ಕೆ ಕುಸಿದಿದೆ. ಅಂದರೆ ಈ ರೋಗಿಯ ಉಸಿರಾಟ ಈಗಾಗಲೇ ಸೋಲುತ್ತಿದೆ; ಸಹಜವಾಗಿ ಕಾಣುವ ಆ 40 ವಾಸ್ತವದಲ್ಲಿ ಇಡೀ ಚೀಟಿಯ ಅತ್ಯಂತ ಅಪಾಯಕಾರಿ ಅಂಕಿ. ಆರ್ಗನೋಫಾಸ್ಫರಸ್ ಸಂದರ್ಭದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಸರಿದೂಗಿಸಬೇಕಾದ ಸ್ನಾಯುಗಳನ್ನೇ ವಿಷ ಹಿಡಿದಿಟ್ಟಿರುತ್ತದೆ. ಹೀಗಾಗಿ ಬರಿಯ ಪಿಎಚ್ ಅಥವಾ ಬರಿಯ ಇಂಗಾಲದ ಡೈಆಕ್ಸೈಡಿಗೆ ಒಂದು ಗಡಿ ಅಂಕಿ ಗೊತ್ತುಮಾಡಿ ‘ಇದನ್ನು ದಾಟಿದರೆ ಅಪಾಯ’ ಎಂದು ಘೋಷಿಸುವ ಪ್ರಬಂಧಗಳನ್ನು ಓದುವಾಗ ನನಗೆ ಸಮಾಧಾನವಾಗುವುದಿಲ್ಲ.

ಲ್ಯಾಕ್ಟೇಟ್ ಈಚಿನ ವರ್ಷಗಳ ಅಚ್ಚುಮೆಚ್ಚಿನ ಸೂಚಕ. ಸಹಜವಾಗಿ ಅದು ಲೀಟರಿಗೆ 2 ಮಿಲಿಮೋಲಿಗಿಂತ ಕಡಿಮೆ. ಅಂಗಾಂಶಗಳಿಗೆ ಆಮ್ಲಜನಕ ತಲುಪದಿದ್ದರೆ ಏರುತ್ತದೆ, ಆದ್ದರಿಂದ ತೀವ್ರ ವಿಷಬಾಧೆಯ ಗುರುತು ಎಂಬ ತರ್ಕ ಸರಿಯಾದದ್ದೇ. ಆದರೆ ಇದೇ ಅಂಕಿಯನ್ನು ಏರಿಸುವ ಬೇರೆ ಕಾರಣಗಳೂ ಈ ರೋಗಿಗಳಲ್ಲಿ ಗುಂಪುಗೂಡಿರುತ್ತವೆ. ಆಸ್ಪತ್ರೆಗೆ ಬರುವ ದಾರಿಯಲ್ಲಿ ಸೆಳೆತ ಬಂದಿದ್ದರೆ ಲ್ಯಾಕ್ಟೇಟ್ ಬಹಳ ಎತ್ತರಕ್ಕೆ ಹೋಗಿ, ಸೆಳೆತ ನಿಂತ ಒಂದೆರಡು ಗಂಟೆಗಳಲ್ಲಿ ತಾನಾಗಿಯೇ ಬಹುಪಾಲು ಇಳಿದುಬಿಡುತ್ತದೆ. ರಕ್ತದೊತ್ತಡ ಏರಿಸಲು ಅಡ್ರಿನಲಿನ್ ಹರಿಸುತ್ತಿದ್ದರೆ ಆ ಔಷಧಿಯಿಂದಲೇ ಏರುತ್ತದೆ. ಯಕೃತ್ತು ಮೊದಲೇ ದುರ್ಬಲವಾಗಿದ್ದರೆ ಇಳಿಯುವುದು ತಡವಾಗುತ್ತದೆ. ಆದ್ದರಿಂದ ಮೊದಲ ಲ್ಯಾಕ್ಟೇಟ್ ಎಷ್ಟು ಎಂಬುದಕ್ಕಿಂತ, ಅಟ್ರೋಪಿನ್, ದ್ರವ, ಆಮ್ಲಜನಕ ಎಲ್ಲವನ್ನೂ ಸರಿಯಾಗಿ ಕೊಟ್ಟ ಮೇಲೆ ಎರಡರಿಂದ ಆರು ಗಂಟೆಗಳಲ್ಲಿ ಅದು ಇಳಿಯಿತೇ ಎಂಬುದನ್ನೇ ನಾನು ಹೆಚ್ಚು ನೆಚ್ಚಿಕೊಳ್ಳುತ್ತೇನೆ. ರಕ್ತದೊತ್ತಡ ಸರಿಯಾಗಿದೆ, ಸೆಳೆತವಿಲ್ಲ, ಆಮ್ಲಜನಕವಿದೆ, ಆದರೂ ಲ್ಯಾಕ್ಟೇಟ್ ಏರುತ್ತಲೇ ಇದೆ ಎಂದಾದರೆ ಅದು ನಿಜಕ್ಕೂ ಕೆಟ್ಟ ಸುದ್ದಿ. ಆಗ ಕರುಳಿಗೆ ರಕ್ತ ಹರಿಯುತ್ತಿದೆಯೇ, ಬೇರೆ ವಿಷವೂ ಸೇರಿಕೊಂಡಿದೆಯೇ ಎಂದು ಹುಡುಕಬೇಕು.

ಬೇಸ್ ಎಕ್ಸೆಸ್ ಬಗ್ಗೆಯೂ ಇಂಥದೇ ಎಚ್ಚರ ಬೇಕು. ಈ ರೋಗಿಗಳಿಗೆ ಭೇದಿಯಾಗುತ್ತದೆ, ಅದರ ಮೂಲಕ ಬೈಕಾರ್ಬೊನೇಟ್ ನೇರವಾಗಿ ನಷ್ಟವಾಗುತ್ತದೆ. ಮೇಲೆ ಲೀಟರುಗಟ್ಟಲೆ ಸಲೈನ್ ಕೊಟ್ಟರೆ ಕ್ಲೋರೈಡ್ ಏರಿ ಆಮ್ಲೀಯತೆ ಇನ್ನಷ್ಟು ಹೆಚ್ಚುತ್ತದೆ. ಎರಡನೆಯ ದಿನದ ಎಬಿಜಿಯಲ್ಲಿ ಬೇಸ್ ಎಕ್ಸೆಸ್ ಋಣ 8 ಎಂದು ಕಂಡಾಗ, ಲ್ಯಾಕ್ಟೇಟ್ 1.5 ಇದ್ದು ಕ್ಲೋರೈಡ್ 115 ಇದ್ದರೆ ಅದು ವಿಷದ ತೀವ್ರತೆಯನ್ನಲ್ಲ, ನಾವು ಕೊಟ್ಟ ದ್ರವವನ್ನು ಹೇಳುತ್ತಿದೆ. ಮುನ್ಸೂಚನೆಯ ಅಧ್ಯಯನಗಳಲ್ಲಿ ಈ ವಿಂಗಡಣೆ ಅಪರೂಪ.

ಇದು ನನ್ನನ್ನು ಆ ಅಧ್ಯಯನಗಳ ಮೂಲ ದೌರ್ಬಲ್ಯಕ್ಕೆ ತಂದು ನಿಲ್ಲಿಸುತ್ತದೆ. ಅವುಗಳಲ್ಲಿ ಬಹುಪಾಲು ಒಂದೇ ಆಸ್ಪತ್ರೆಯ ಹಳೆಯ ಕಡತಗಳನ್ನು ಆಧರಿಸಿದವು. ಎಬಿಜಿ ಯಾವ ಕ್ಷಣದಲ್ಲಿ ತೆಗೆದದ್ದು, ಅಟ್ರೋಪಿನ್‌ಗೆ ಮೊದಲೋ ಆಮೇಲೋ, ರೋಗಿ ಗಾಳಿಯನ್ನು ಉಸಿರಾಡುತ್ತಿದ್ದರೋ ಮಾಸ್ಕಿನಲ್ಲಿದ್ದರೋ ಎಂಬುದು ಎಲ್ಲ ಕಡತದಲ್ಲೂ ಸ್ಪಷ್ಟವಾಗಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅನೇಕ ಅಧ್ಯಯನಗಳು ‘ವೆಂಟಿಲೇಟರ್ ಬೇಕಾಯಿತೇ’ ಎಂಬುದನ್ನೇ ಫಲಿತಾಂಶವಾಗಿ ಇಟ್ಟುಕೊಂಡು, ಹೆಚ್ಚಿನ ಇಂಗಾಲದ ಡೈಆಕ್ಸೈಡ್ ಅದನ್ನು ಚೆನ್ನಾಗಿ ಮುನ್ಸೂಚಿಸುತ್ತದೆ ಎಂದು ತೀರ್ಮಾನಿಸುತ್ತವೆ. ವೈದ್ಯರು ವೆಂಟಿಲೇಟರ್ ಹಾಕಲು ತೀರ್ಮಾನಿಸಿದ್ದೇ ಆ ಅಂಕಿಯನ್ನು ನೋಡಿ! ಕಾರಣ ಮತ್ತು ಫಲಿತಾಂಶ ಎರಡೂ ಒಂದೇ ಚೀಟಿಯಲ್ಲಿರುವಾಗ ಅವೆರಡೂ ಹೊಂದಿಕೊಂಡವು ಎಂಬುದು ಆಶ್ಚರ್ಯದ ಸಂಗತಿಯಲ್ಲ. ಆರ್‌ಒಸಿ ವಕ್ರರೇಖೆ, ಅಂದರೆ ಮುನ್ಸೂಚನೆ ಎಷ್ಟು ನಿಖರ ಎಂದು ತೋರಿಸುವ ನಕ್ಷೆ, ಎಷ್ಟೇ ಸುಂದರವಾಗಿ ಬಾಗಿದ್ದರೂ ಈ ಸುತ್ತುತರ್ಕದಿಂದ ಪಾರಾಗಲಾರದು. ಸಾವನ್ನು ಫಲಿತಾಂಶವಾಗಿಟ್ಟ ಅಧ್ಯಯನಗಳು ಈ ದೃಷ್ಟಿಯಿಂದ ಮೇಲು, ಆದರೆ ಸಾವು ಕೂಡ ವೆಂಟಿಲೇಟರ್ ಸಮಯಕ್ಕೆ ಸಿಕ್ಕಿತೇ, ಶುಶ್ರೂಷೆ ಹೇಗಿತ್ತು, ನ್ಯುಮೋನಿಯಾ ಬಂದಿತೇ ಎಂಬುದನ್ನೆಲ್ಲ ಅವಲಂಬಿಸಿದೆ; ಒಂದು ಆಸ್ಪತ್ರೆಯಲ್ಲಿ ಕಂಡ ಗಡಿ ಅಂಕಿ ಮತ್ತೊಂದರಲ್ಲಿ ಹಾಗೆಯೇ ಹೊಂದುತ್ತದೆ ಎನ್ನಲಾಗದು.

ವಿಷ ಯಾವುದು ಎಂಬುದನ್ನು ಬದಿಗಿಟ್ಟು ಎಲ್ಲರನ್ನೂ ‘ಓಪಿ ಕೇಸು’ (ಆರ್ಗನೋಫಾಸ್ಫರಸ್ ಪ್ರಕರಣ) ಎಂಬ ಒಂದೇ ಹೆಸರಿನಡಿ ಸೇರಿಸುವುದು ಇನ್ನೊಂದು ತೊಂದರೆ. 2005ರಲ್ಲಿ ಶ್ರೀಲಂಕಾದಿಂದ ಬಂದ ದೊಡ್ಡ ಅಧ್ಯಯನವೊಂದು ಕ್ಲೋರ್‌ಪೈರಿಫಾಸ್, ಡೈಮಿಥೊಯೇಟ್ ಮತ್ತು ಫೆಂಥಿಯಾನ್ ವಿಷಬಾಧೆಗಳನ್ನು ಹೋಲಿಸಿ, ಅವು ಮೂರು ಬೇರೆ ಬೇರೆ ಕಾಯಿಲೆಗಳಂತೆ ನಡೆದುಕೊಳ್ಳುತ್ತವೆ ಎಂದು ತೋರಿಸಿತು. ಡೈಮಿಥೊಯೇಟಿನಲ್ಲಿ ರಕ್ತದೊತ್ತಡದ ಕುಸಿತ ಮುಂಚೂಣಿಗೆ ಬರುತ್ತದೆ. ಫೆಂಥಿಯಾನ್ ಕೊಬ್ಬಿನಲ್ಲಿ ಕರಗುವ, ದೇಹದಲ್ಲಿ ನಿಧಾನವಾಗಿ ಸಕ್ರಿಯಗೊಳ್ಳುವ ವಸ್ತು. ಅದರ ರೋಗಿಗಳು ಆರಂಭದಲ್ಲಿ ಚೆನ್ನಾಗಿಯೇ ಇದ್ದು ತಡವಾಗಿ ಉಸಿರಾಟ ಕಳೆದುಕೊಳ್ಳಬಹುದು. ಅಂಥ ರೋಗಿಯ ಮೊದಲ ಗಂಟೆಯ ಎಬಿಜಿ ಸಂಪೂರ್ಣ ಸಹಜವಾಗಿದ್ದರೆ ಅದರಿಂದ ನಾವು ತಿಳಿಯುವುದು ಆ ಕ್ಷಣದ ಸ್ಥಿತಿಯನ್ನು ಮಾತ್ರ.

ಈ ತಡವಾದ ಸೋಲಿಗೆ ಇಂಟರ್‌ಮೀಡಿಯಟ್ ಸಿಂಡ್ರೋಮ್ ಎಂದು ಹೆಸರು. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದ ಇದನ್ನು ವರ್ಣಿಸಿದರು. ಮೊದಲ ಹಂತದ ಬೆವರು, ಸ್ರಾವ, ಸಣ್ಣಗಾದ ಪಾಪೆಗಳೆಲ್ಲ ಸರಿಹೋದ ಮೇಲೆ, ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನಗಳ ನಡುವೆ, ಕುತ್ತಿಗೆಯ ಸ್ನಾಯುಗಳು, ತೋಳು ಮತ್ತು ತೊಡೆಗಳ ಬುಡದ ಸ್ನಾಯುಗಳು, ಮುಖದ ಸ್ನಾಯುಗಳು, ಕೊನೆಗೆ ಉಸಿರಾಟದ ಸ್ನಾಯುಗಳು ದುರ್ಬಲಗೊಳ್ಳುತ್ತವೆ. ಇಲ್ಲಿ ಎಬಿಜಿಯ ಮಿತಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಇಂಗಾಲದ ಡೈಆಕ್ಸೈಡ್ ಏರುವ ಹೊತ್ತಿಗೆ ಸ್ನಾಯುಗಳ ಮೀಸಲು ಶಕ್ತಿ ಮುಗಿದೇ ಹೋಗಿರುತ್ತದೆ. ಅಲ್ಲಿಯವರೆಗೆ ದೇಹ ಉಸಿರಿನ ವೇಗವನ್ನು ಹೆಚ್ಚಿಸಿಕೊಂಡು ಅಂಕಿಗಳನ್ನು ಸಹಜ ಮಿತಿಯಲ್ಲೇ ಇಟ್ಟುಕೊಂಡಿರುತ್ತದೆ. ರೋಗಿ ದಿಂಬಿನಿಂದ ತಲೆಯನ್ನು ಎತ್ತಿ ಹಿಡಿಯಬಲ್ಲರೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು ಎಂಬ ಯಾವ ಯಂತ್ರವೂ ಬೇಡದ ಎರಡು ಪರೀಕ್ಷೆಗಳು ಎಬಿಜಿಗಿಂತ ಹಲವು ಗಂಟೆ ಮೊದಲೇ ಎಚ್ಚರಿಸುತ್ತವೆ. ಹಾಗೆಂದು ಎಬಿಜಿ ಇಲ್ಲಿ ನಿರುಪಯುಕ್ತ ಎಂದಲ್ಲ. ನಿಮಿಷಕ್ಕೆ 30 ಬಾರಿ ಉಸಿರಾಡುತ್ತಿರುವ ರೋಗಿಯಲ್ಲಿ ಇಂಗಾಲದ ಡೈಆಕ್ಸೈಡ್ ಬೆಳಿಗ್ಗೆ 32, ಮಧ್ಯಾಹ್ನ 36, ಸಂಜೆ 41 ಎಂದು ಸಾಗಿದರೆ ಮೂರೂ ಅಂಕಿಗಳು ‘ಸಹಜ’ದ ಆಸುಪಾಸಿನವೇ, ಆದರೆ ಅವು ಸಾಗುತ್ತಿರುವ ದಿಕ್ಕು ಒಂದೇ. ಬಿಡಿ ಅಂಕಿ ಹೇಳದ್ದನ್ನು ಸಾಲು ಹೇಳುತ್ತದೆ.

ಎಬಿಜಿಗೆ ಪರ್ಯಾಯವಾಗಿ ಅಥವಾ ಜೊತೆಯಾಗಿ ಇರುವ ಬೇರೆ ಅಳತೆಗೋಲುಗಳನ್ನೂ ಇಲ್ಲಿ ಹೇಳಬೇಕು. ಶ್ರೀಲಂಕಾದ ಪೇರಾದೆನಿಯದಲ್ಲಿ ರೂಪುಗೊಂಡು 1993ರಲ್ಲಿ ಪ್ರಕಟವಾದ ಪಿಒಪಿ ಮಾಪಕ, ಅಂದರೆ ಪೇರಾದೆನಿಯ ಆರ್ಗನೋಫಾಸ್ಫರಸ್ ವಿಷಬಾಧೆಯ ಮಾಪಕ, ಪಾಪೆಯ ಗಾತ್ರ, ಉಸಿರಿನ ವೇಗ, ನಾಡಿ, ಸ್ನಾಯುಗಳ ಅದುರುವಿಕೆ, ಪ್ರಜ್ಞೆಯ ಮಟ್ಟ ಮತ್ತು ಸೆಳೆತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪ್ರಜ್ಞೆಯ ಮಟ್ಟವನ್ನಷ್ಟೇ ಅಂಕಗಳಲ್ಲಿ ಅಳೆಯುವ ಗ್ಲಾಸ್ಗೋ ಕೋಮಾ ಮಾಪಕವೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. 13ಕ್ಕಿಂತ ಕಡಿಮೆ ಅಂಕವಿದ್ದವರ ಮೇಲೆ ವಿಶೇಷ ನಿಗಾ ಬೇಕು. ಪ್ಲಾಸ್ಮಾದ ಕೋಲಿನೆಸ್ಟರೇಸ್ ವಿಷದ ಸಂಪರ್ಕವಾಗಿದೆ ಎಂದು ಹೇಳಲು ಒಳ್ಳೆಯದು, ಆದರೆ ತೀವ್ರತೆಯನ್ನು ಹೇಳಲು ಅಷ್ಟು ಒಳ್ಳೆಯದಲ್ಲ, ಏಕೆಂದರೆ ಪ್ರತಿಯೊಂದು ಸಂಯುಕ್ತವೂ ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತದೆ. ಪ್ರಜ್ಞೆಯ ಮಟ್ಟವನ್ನೂ ಎಬಿಜಿಯ ಮಾದರಿಯನ್ನೂ ಕೂಡಿಸಿ ನೋಡುವುದು ಯಾವುದೇ ಒಂದನ್ನು ನೆಚ್ಚುವುದಕ್ಕಿಂತ ಮೇಲು ಎಂಬುದು ಅನುಭವದ ಮಾತೂ ಹೌದು, ತರ್ಕದ ಮಾತೂ ಹೌದು.

ರಕ್ತ ತೆಗೆಯುವ ವಿಧಾನದ ಬಗ್ಗೆ ಎರಡು ಮಾತು. ಸಿರಿಂಜಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕುವ ದ್ರವರೂಪದ ಹೆಪರಿನ್ ಹೆಚ್ಚು ಉಳಿದರೆ ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್ ಎರಡೂ ಸುಳ್ಳಾಗಿ ಕಡಿಮೆ ಕಾಣುತ್ತವೆ, ಚಯಾಪಚಯದ ಆಮ್ಲೀಯತೆಯ ಭ್ರಮೆ ಹುಟ್ಟುತ್ತದೆ. ಮಾದರಿಯನ್ನು ಕೋಣೆಯ ಉಷ್ಣತೆಯಲ್ಲಿ ಬಹಳ ಹೊತ್ತು ಇಟ್ಟರೆ ರಕ್ತಕಣಗಳೇ ಆಮ್ಲಜನಕ ಬಳಸಿ ಲ್ಯಾಕ್ಟೇಟ್ ಹೆಚ್ಚಿಸುತ್ತವೆ. ಗಾಳಿಯ ಗುಳ್ಳೆ ಆಮ್ಲಜನಕದ ಅಂಕಿಯನ್ನು ಕೆಡಿಸುತ್ತದೆ. ರೋಗಿಗೆ ಎಷ್ಟು ಆಮ್ಲಜನಕ ಕೊಡಲಾಗುತ್ತಿತ್ತು ಎಂಬುದನ್ನು ಬರೆಯದ ಚೀಟಿಯಲ್ಲಿ ಆಮ್ಲಜನಕದ ಅಂಕಿಗೆ ಅರ್ಥವೇ ಇಲ್ಲ. ಮೇಲಿಂದ ಮೇಲೆ ಅಪಧಮನಿಗೆ ಚುಚ್ಚುವುದು ನೋವಿನ ಕೆಲಸ. ಪಿಎಚ್, ಬೈಕಾರ್ಬೊನೇಟ್ ಮತ್ತು ಲ್ಯಾಕ್ಟೇಟಿನ ಜಾಡು ಹಿಡಿಯಲು ಅಭಿಧಮನಿಯ ರಕ್ತವೂ ಬಹುಮಟ್ಟಿಗೆ ಸಾಕು, ಅದರಲ್ಲಿ ಇಂಗಾಲದ ಡೈಆಕ್ಸೈಡ್ 45ಕ್ಕಿಂತ ಕಡಿಮೆಯಿದ್ದರೆ ಅಪಧಮನಿಯಲ್ಲಿ ಅದು ಹೆಚ್ಚಿರುವ ಸಾಧ್ಯತೆ ತೀರಾ ಕಡಿಮೆ. ಸಂಶಯ ಬಂದಾಗ, ಆಮ್ಲಜನಕದ ಲೆಕ್ಕ ಬೇಕಾದಾಗ ಮಾತ್ರ ಅಪಧಮನಿಯ ರಕ್ತ ಬೇಕು.

ಕೀಟನಾಶಕ ಎಂದಾಗಲೆಲ್ಲ ಆರ್ಗನೋಫಾಸ್ಫರಸ್ ಎಂದೇ ಭಾವಿಸುವುದು ಅಪಾಯಕಾರಿ, ಏಕೆಂದರೆ ಅದೇ ಎಬಿಜಿ ಬೇರೆ ವಿಷದಲ್ಲಿ ಬೇರೆ ಅರ್ಥ ಕೊಡುತ್ತದೆ. ಧಾನ್ಯ ಸಂಗ್ರಹದಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಹೊಟ್ಟೆಯಲ್ಲಿ ಫಾಸ್ಫೀನ್ ಅನಿಲ ಬಿಡುಗಡೆ ಮಾಡಿ ಜೀವಕೋಶಗಳ ಮೈಟೊಕಾಂಡ್ರಿಯಾವನ್ನೇ ನಿಲ್ಲಿಸುತ್ತದೆ, ಹೃದಯದ ಸ್ನಾಯು ಮೊದಲು ಸೋಲುತ್ತದೆ. ಅಲ್ಲಿ ಆಮ್ಲಜನಕ ರಕ್ತದಲ್ಲಿ ಸಾಕಷ್ಟಿದ್ದೂ ಜೀವಕೋಶ ಅದನ್ನು ಬಳಸಲಾರದು, ಚಯಾಪಚಯದ ಆಮ್ಲೀಯತೆಯ ಆಳವೇ ವಿಷಬಾಧೆಯ ಆಳ. ಪಿಎಚ್ ಮತ್ತು ಬೈಕಾರ್ಬೊನೇಟ್ ಮುನ್ಸೂಚಕಗಳಾಗಿ ಅತ್ಯಂತ ಪ್ರಾಮಾಣಿಕವಾಗಿ ಕೆಲಸ ಮಾಡುವ ವಿಷ ಇದೇ ಎನ್ನಬಹುದು.

ಪ್ರೊಪಾನಿಲ್ ಎಂಬ ಕಳೆನಾಶಕ, ಇಂಡಾಕ್ಸಾಕಾರ್ಬ್ ಎಂಬ ಕೀಟನಾಶಕ ಮೊದಲಾದವು ಹಿಮೋಗ್ಲೋಬಿನ್ನನ್ನು ಆಮ್ಲಜನಕವನ್ನು ಹೊರಲಾರದ ಮೆಥಿಮೋಗ್ಲೋಬಿನ್ ಆಗಿ ಬದಲಿಸಬಲ್ಲವು. ಆಗ ತುಟಿ ನೀಲಿಗಟ್ಟಿರುತ್ತದೆ, ತೆಗೆದ ರಕ್ತ ಚಾಕೊಲೇಟ್ ಬಣ್ಣದ್ದಾಗಿರುತ್ತದೆ, ಪಲ್ಸ್ ಆಕ್ಸಿಮೀಟರ್ 85ರ ಆಸುಪಾಸಿನಲ್ಲಿ ನಿಂತು ಎಷ್ಟು ಆಮ್ಲಜನಕ ಕೊಟ್ಟರೂ ಮೇಲೇರುವುದಿಲ್ಲ. ಆದರೆ ಎಬಿಜಿಯ ಆಮ್ಲಜನಕದ ಒತ್ತಡ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಅದು ಅಳೆಯುವುದು ಪ್ಲಾಸ್ಮಾದಲ್ಲಿ ಕರಗಿದ ಅನಿಲವನ್ನೇ ಹೊರತು ಹಿಮೋಗ್ಲೋಬಿನ್ ಹೊತ್ತದ್ದನ್ನಲ್ಲ. ಹಳೆಯ ಯಂತ್ರಗಳು ಆ ಒತ್ತಡದಿಂದಲೇ ಲೆಕ್ಕ ಹಾಕಿ 99 ಶೇಕಡಾ ಸ್ಯಾಚುರೇಷನ್ ಎಂದು ಮುದ್ರಿಸಿಬಿಡುತ್ತವೆ. ಬೆರಳಿನ ಯಂತ್ರಕ್ಕೂ ಚೀಟಿಗೂ ನಡುವಿನ ಆ ಅಂತರವೇ ರೋಗನಿರ್ಣಯ. ಹಿಮೋಗ್ಲೋಬಿನ್ನಿನ ಬಗೆಗಳನ್ನು ನೇರವಾಗಿ ಅಳೆಯುವ ಕೋ-ಆಕ್ಸಿಮೀಟರ್ ಇರುವ ಯಂತ್ರ ಅದನ್ನು ಖಚಿತಪಡಿಸುತ್ತದೆ, ಮೀಥಿಲೀನ್ ಬ್ಲೂ ಅದರ ಮದ್ದು.

ಪ್ಯಾರಾಕ್ವಾಟ್ ಮಾತ್ರ ಈ ಎಲ್ಲದರಿಂದ ಬೇರೆಯಾಗಿ ನಿಲ್ಲುತ್ತದೆ. ಈ ಕಳೆನಾಶಕ ಶ್ವಾಸಕೋಶದಲ್ಲಿ ಶೇಖರಗೊಂಡು ಆಮ್ಲಜನಕವನ್ನೇ ಆಯುಧವಾಗಿಸಿಕೊಂಡು ಅಂಗಾಂಶವನ್ನು ಸುಡುತ್ತದೆ; ಆದ್ದರಿಂದ ಉಳಿದ ವಿಷಗಳಲ್ಲಿ ಯೋಚಿಸದೆ ಕೊಡುವ ಆಮ್ಲಜನಕವನ್ನು ಇಲ್ಲಿ ತೀವ್ರ ಕೊರತೆ ಕಾಣುವವರೆಗೆ ತಡೆಹಿಡಿಯಲಾಗುತ್ತದೆ. ಮೊದಲ ದಿನ ಆಮ್ಲಜನಕದ ಒತ್ತಡ ಸಹಜವಾಗಿರುವುದು ಸಾಮಾನ್ಯ, ಅದು ಕುಸಿಯುವುದು ದಿನಗಳ ನಂತರ. ಆದರೆ ಅದೇ ಮೊದಲ ಚೀಟಿಯಲ್ಲಿ ಲ್ಯಾಕ್ಟೇಟ್ ಏರಿ ಬೈಕಾರ್ಬೊನೇಟ್ ಇಳಿದಿದ್ದರೆ, ಪರಿಸ್ಥಿತಿ ಆಗಲೇ ಗಂಭೀರವಾಗಿದೆ ಎಂದರ್ಥ. ರಕ್ತದಲ್ಲಿನ ಪ್ಯಾರಾಕ್ವಾಟ್ ಪ್ರಮಾಣವನ್ನು ಸಮಯಕ್ಕೆ ಎದುರಾಗಿ ಗುರುತಿಸುವ, 1979ರಲ್ಲಿ ಪ್ರೌಡ್‌ಫುಟ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ರೇಖೆ ಮುನ್ಸೂಚನೆಗೆ ಇಂದಿಗೂ ಆಧಾರ. ಆ ಅಳತೆ ಲಭ್ಯವಿಲ್ಲದ ಕಡೆ ಎಬಿಜಿಯೇ ಅದರ ಸ್ಥಾನವನ್ನು ಅರೆಬರೆಯಾಗಿ ತುಂಬಬೇಕಾಗುತ್ತದೆ.

ಮುನ್ಸೂಚನೆಯನ್ನು ಏನಕ್ಕೆ ಬಳಸುತ್ತೇವೆ ಎಂಬ ಪ್ರಶ್ನೆ ಇಲ್ಲಿಯೇ ಎರಡಾಗಿ ಒಡೆಯುತ್ತದೆ. ಪ್ಯಾರಾಕ್ವಾಟಿನಲ್ಲಿ ಸಾಬೀತಾದ ಮದ್ದಿಲ್ಲದಿರುವಾಗ, ಅಂಕಿಗಳು ನಿರಾಶಾದಾಯಕವಾಗಿದ್ದರೆ ನೋವು ನಿವಾರಣೆ ಮತ್ತು ನೆಮ್ಮದಿಯ ಕಡೆಗೆ ಚಿಕಿತ್ಸೆಯನ್ನು ತಿರುಗಿಸುವುದು ನ್ಯಾಯವಾದೀತು. ಆರ್ಗನೋಫಾಸ್ಫರಸ್ ವಿಷಬಾಧೆಯಲ್ಲಿ ಅದೇ ನಡೆಯನ್ನು ಅನುಸರಿಸಲಾಗದು. ಅಲ್ಲಿ ಸ್ನಾಯುಗಳ ಸೋಲು ಎಷ್ಟೇ ಸಂಪೂರ್ಣವಾಗಿದ್ದರೂ ಹಿಂದಿರುಗಬಲ್ಲದ್ದು, ವೆಂಟಿಲೇಟರಿನ ಮೇಲೆ ವಾರಗಟ್ಟಲೆ ಇದ್ದವರು ನಡೆದು ಮನೆಗೆ ಹೋಗುವುದು ಸಾಧ್ಯ, ಮತ್ತು 7.0ರ ಪಿಎಚ್ ಬರಿಯ ಉಸಿರಾಟ ನಿಂತದ್ದರಿಂದ ಬಂದಿದ್ದರೆ ಕೊಳವೆ ಹಾಕಿ ಉಸಿರು ಕೊಟ್ಟ ಅರ್ಧ ಗಂಟೆಯಲ್ಲಿ ಅದು ಬಹಳಷ್ಟು ಸರಿಹೋಗಬಹುದು. ಸಂಬಂಧಿಕರು ಚೀಟಿಯನ್ನು ತೋರಿಸಿ ‘ಇದರಲ್ಲಿ ಏನಿದೆ’ ಎಂದು ಕೇಳಿದಾಗ ನಾನು ಶೇಕಡಾವಾರು ಲೆಕ್ಕ ಹೇಳುವುದಿಲ್ಲ. ಉಸಿರಾಟ ಸೋತಿದೆ, ಅದನ್ನು ಯಂತ್ರ ನೋಡಿಕೊಳ್ಳುತ್ತದೆ. ರಕ್ತದೊತ್ತಡ ನಿಂತಿದೆ, ಇಲ್ಲವೇ ನಿಂತಿಲ್ಲ. ಆರು ಗಂಟೆಗಳ ನಂತರ ಇನ್ನೊಂದು ಪರೀಕ್ಷೆ ಮಾಡುತ್ತೇವೆ, ಅದು ಇದಕ್ಕಿಂತ ಮೇಲಾಗಿದ್ದರೆ ಆಗ ನಿಮ್ಮೊಂದಿಗೆ ಬೇರೆ ಮಾತನಾಡುತ್ತೇನೆ ಎಂದು ಹೇಳುತ್ತೇನೆ.